ನಿದ್ದೆ ಬಾರದವಳು ಬೇಕಾಗಿದ್ದಾಳೆ

“ಹೆಣ ಎತ್ತಿದ ಹಾಗೆ ಎತ್ತಬೇಡ ಕಣೇ, ಜೀವ ಇರೋ ಮನುಷ್ಯ ಅದು!” ಅಮ್ಮಾವ್ರು ಕುರ್ಚಿಯಿಂದಲೇ ಕಿರುಚಿದರು.

ಜೀವ ಇರುವ ಮನುಷ್ಯ ಎಂದರೆ ಅವರ ತಮ್ಮ. ನೂರು ಕಿಲೋ ಆಸಾಮಿ. ಬೂಟು ಹಾಕಿಕೊಂಡೇ ದಿವಾನದ ಮೇಲೆ ಅಂಗಾತ ಬಿದ್ದು ರೋಗಿಯ ಪಾರ್ಟು ಮಾಡುತ್ತಿದ್ದ. ಹಾಸಿಗೆ ಹಿಡಿದ ಅವರ ತಾಯಿಯನ್ನು ನೋಡಿಕೊಳ್ಳಲು ಬಂದವಳು ಮೊದಲು ಇವನನ್ನು ಮಗ್ಗುಲು ಬದಲಿಸಿ, ಎತ್ತಿ ಕೂರಿಸಿ ತೋರಿಸಬೇಕಂತೆ. ಅದೇ ಇಂಟರ್‌ವ್ಯೂ. ನಾನು ಕಂಕುಳಿಗೆ ಕೈ ಕೊಟ್ಟು ಎತ್ತಿದಾಗಲೆಲ್ಲ ಅವನು ಬೇಕೆಂದೇ ಮೈ ಸಡಿಲ ಬಿಡುತ್ತಿದ್ದ. ಜೋಲುವ ಕೈ ಬೀಳಬಾರದ ಕಡೆಯೇ ಬೀಳುತ್ತಿತ್ತು. ಒಂಬತ್ತು ವರ್ಷ ನಿಜವಾದ ರೋಗಿಗಳನ್ನು ಎತ್ತಿದ್ದೇನೆ, ಯಾರ ಕೈಯೂ ಹೀಗೆ ಗುರಿಯಿಟ್ಟು ಬಿದ್ದದ್ದಿಲ್ಲ. ಮೂರನೇ ಸಲಕ್ಕೆ ಹಲ್ಲು ಕಚ್ಚಿ ಎತ್ತಿ ಗೋಡೆಗೆ ಒರಗಿಸಿದೆ.

“ಗಟ್ಟಿ ಪಿಂಡ ಅಕ್ಕಾ,” ಎಂದು ಅವನು ಹಲ್ಲು ಕಿರಿದ.

ಅಮ್ಮಾವ್ರು ನನ್ನ ಉಗುರು ನೋಡಿದರು, ಕೂದಲು ಕೆದಕಿ ಹೇನು ನೋಡಿದರು. ಆಮೇಲೆ ಅಸಲು ಪ್ರಶ್ನೆ ಬಂತು.

“ಹಗಲೂ ರಾತ್ರಿ ನೀನೊಬ್ಬಳೇ. ರಜ ಇಲ್ಲ, ಬದಲಿ ಆಳಿಲ್ಲ. ಅಮ್ಮಂಗೆ ಗಂಟೆಗೊಂದ್ಸಲ ಎಚ್ಚರ ಆಗುತ್ತೆ. ನಿದ್ದೆಗಿದ್ದೆ ಹೇಗೆ ನಿಂದು?”

ಏಜೆನ್ಸಿಯವನು ಬೆಳಿಗ್ಗೆಯೇ ಪಾಠ ಹೇಳಿ ಕಳಿಸಿದ್ದ: “ನಿದ್ದೆ ಬರಲ್ಲ ಅನ್ನು, ಯಾರೂ ಬಿದ್ದಿಲ್ಲ ಅನ್ನು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ, ನೀನು ಎರಡು ಹೇಳಿ ಒಂದು ಕೆಲ್ಸ ಹಿಡಿಯೇ, ಮುಂಡೇದೇ. ನಿಜ ಹೇಳೋ ಚಪಲ ಇದ್ರೆ ಮನೆಗೆ ಹೋಗಿ ಗೋಡೆಗೆ ಹೇಳ್ಕೋ.”

“ನಂದು ಕೋಳಿನಿದ್ದೆ ಅಮ್ಮಾವ್ರೆ. ಸೊಳ್ಳೆ ಹಾರಿದ್ರೂ ಎಚ್ಚರ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತೀನಿ.”

“ನಿನ್ನ ಕೈಯಲ್ಲಿ ಯಾರಾದ್ರೂ ಬಿದ್ದಿದ್ದು ಉಂಟಾ?”

“ಒಬ್ಬರೂ ಇಲ್ಲ. ದೇವರಾಣೆ.”

ಆ ದೇವರನ್ನು ನಡುವೆ ಯಾಕೆ ಎಳೆದೆನೋ! ನಾನು ಇದಕ್ಕೆ ಮೊದಲು ದುಡಿದ ಮನೆಯ ಅಜ್ಜಿ ಬಿದ್ದಿದ್ದಳು. ಮೂರು ದಿನ ನನ್ನ ಬೆನ್ನು ನೆಲ ಕಂಡಿರಲಿಲ್ಲ. ನಾಲ್ಕನೇ ದಿನ ಮಟಮಟ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತಲ್ಲೇ ಕಣ್ಣು ಮುಚ್ಚಿಹೋಯಿತು. ಆ ಪುಣ್ಯಾತ್ಗಿತ್ತಿ ನನ್ನನ್ನು ಎಬ್ಬಿಸಲಿಲ್ಲ, ಪಾಪ ಮಲಗಿದೆ ಎಂದು ತಾನೇ ಕಾಲೂರಲು ಹೋದಳು. ಸೊಂಟದ ಮೂಳೆ ಮುರಿಯಿತು. ಹನ್ನೊಂದನೇ ದಿನ ತೀರಿಕೊಂಡಳು. ನಾನೇ ಕೊಂದೆ ಎಂದು ನನ್ನ ಮನಸ್ಸು ಇವತ್ತಿಗೂ ಅನ್ನುತ್ತದೆ.

“ಆಯ್ತು, ಇರು,” ಎಂದರು ಅಮ್ಮಾವ್ರು. “ಹಿಂದೆ ಒಂದು ರೂಮಿದೆ, ಏಜೆನ್ಸಿಯವನು ಹೇಳಿದ್ನಲ್ಲ, ಆ ನಿನ್ನ ಮಗಳನ್ನ ಕರ್ಕೊಂಬಾ. ಅವಳು ಈ ಕಡೆ ಮುಖ ತೋರಿಸಬಾರ್ದು ಅಷ್ಟೇ.”

ಆ ರೂಮಿಗೋಸ್ಕರವೇ ನಾನು ಬಂದದ್ದು. ನಾಲ್ಕು ತಿಂಗಳಿಂದ ಮಗಳು ನನ್ನಕ್ಕನ ಮನೆಯಲ್ಲಿ ಒಲೆಯ ಪಕ್ಕ ಮಲಗುತ್ತಿದ್ದಾಳೆ. “ಇನ್ನೂ ಎಷ್ಟು ದಿನ?” ಎಂದು ಭಾವ ಅವಳ ಎದುರಿಗೇ ಕೇಳುತ್ತಾನೆ. ಬಾಗಿಲಿಗೆ ಒಳಗಿಂದ ಚಿಲಕ ಇರುವ ರೂಮು ಕೊನೆಗೂ ಸಿಕ್ಕಿತ್ತು.

“ಹೋಗು, ಅಮ್ಮಂಗೆ ಬಟ್ಟೆ ಬದಲಿಸು.”

ಒಳಗಿನ ಕೋಣೆಯಲ್ಲಿ ಮುದುಕಿ ಕಡ್ಡಿಯಾಗಿ ಮಲಗಿತ್ತು. ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಒಣಗಿದ್ದು ಹಾಕಿದೆ. ಮೊಣಕೈ ಹತ್ತಿರ ಅಂಗೈಯಗಲ ರಕ್ತ ಹೆಪ್ಪುಗಟ್ಟಿ ಹಸಿರಾಗಿತ್ತು.

“ಇದೇನಜ್ಜಿ?”

“ಹಿಂದಿನವಳು ತೂಕಡಿಸಿದ್ಲು, ಬಿದ್ದೆ. ಬೈಬೇಡ ಅವಳನ್ನ. ಎಷ್ಟು ಅಂತ ಎದ್ದಿರ್ತಾಳೆ ಪಾಪ.” ಮುದುಕಿ ನನ್ನ ಮಣಿಕಟ್ಟು ಹಿಡಿಯಿತು. “ನೀನು ಬೀಳಿಸಲ್ಲ ತಾನೇ ಮಗಳೇ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಕೈ ಬಿಡಿಸಿಕೊಂಡೆ. ಮಂಚದ ಪಕ್ಕದ ತಡೆಕಂಬಿ ಏರಿಸಿ ಭದ್ರ ಮಾಡಿ ನಡುಮನೆಗೆ ಬಂದೆ.

“ಅಮ್ಮಾವ್ರೆ, ಸುಳ್ಳು ಹೇಳ್ಬಿಟ್ಟೆ. ನಂಗೆ ನಿದ್ದೆ ಬರುತ್ತೆ. ಹಂಗೆ ಬಂದಾಗ ಒಂದು ಮುದಿಜೀವ ಬಿದ್ದು ಸತ್ತಿದೆ. ಹಗಲಿಗೊಬ್ಬಳು ರಾತ್ರಿಗೊಬ್ಬಳು ಇಟ್ಕೊಳ್ಳಿ. ಇಲ್ದಿದ್ರೆ ನಿಮ್ಮಮ್ಮನೂ ಮತ್ತೆ ಬೀಳ್ತಾರೆ.”

ಅಮ್ಮಾವ್ರು ಎದ್ದೇ ನಿಂತರು. “ಕೊಲೆಗಾತಿ! ನಮ್ಮನೆ ಹೊಸ್ತಿಲು ತುಳಿದ್ಯಲ್ಲೇ!”

“ಪೊಲೀಸಿಗೆ ಕೊಡಬೇಕು ಲೌಡಿನ,” ಎಂದ ತಮ್ಮ.

“ಕೊಡೋ! ಮೂರು ದಿನ ಕಣ್ಣು ಮುಚ್ಚೋಕೆ ಬಿಡದೆ ದುಡಿಸಿಕೊಂಡ್ರಲ್ಲ ಆ ಮನೆಯವರು, ಅವರನ್ನೂ ಕರೆಸು, ಒಂದೇ ಬೆಂಚಲ್ಲಿ ಕೂರ್ತೀವಿ. ನಿಮ್ಮಮ್ಮನ ಹತ್ರ ನೀನೊಂದು ರಾತ್ರಿ ಎದ್ದಿರು ನೋಡಾಣ, ಬೋಳಿಮಗನೇ!”

ಗೇಟಿನ ತನಕ ಅವನು ನನ್ನನ್ನು ತಳ್ಳಿಕೊಂಡೇ ಬಂದ. ಬರಲಿ, ಆಡಬೇಕಾದ್ದು ಆಡಿಯಾಗಿತ್ತು. ಆದರೂ ಗೇಟು ಮುಚ್ಚಿಕೊಂಡ ಕೂಡಲೇ ಮಗಳ ಮುಖ ಕಣ್ಣೆದುರು ಬಂತು. ಅವಳ ರೂಮನ್ನು ನಾನೇ ಕೈಯಾರೆ ಕಳೆದಿದ್ದೆ. ಕಾಂಪೌಂಡಿನ ಪಕ್ಕ ಕೂತುಬಿಟ್ಟೆ.

ಎಷ್ಟೋ ಹೊತ್ತಿನ ಮೇಲೆ ಏಜೆನ್ಸಿಯ ಚೀಟಿ ಹಿಡಿದು ಒಬ್ಬಳು ಬಂದಳು. ಇಪ್ಪತ್ತೆರಡೋ ಮೂರೋ. ಆಸ್ಪತ್ರೆಯಲ್ಲಿ ಎರಡು ಪಾಳಿ ಮುಗಿಸಿ ಸೀದಾ ಬಂದವಳಂತೆ, ಕಣ್ಣು ಕೆಂಡವಾಗಿತ್ತು.

“ಅಕ್ಕಾ, ಒಳಗೆ ಏನೇನು ಕೇಳ್ತಾರೆ?”

“ನಿದ್ದೆ ಬರುತ್ತಾ ಅಂತ. ಬರುತ್ತೆ ಅನ್ನು. ಇಬ್ಬರನ್ನ ಇಟ್ಕೊಳ್ಳಿ ಅನ್ನು. ಆ ಮುದುಕಿ ಈಗಾಗ್ಲೇ ಒಂದ್ಸಲ ಬಿದ್ದಿದೆ ಕಣೇ.”

“ಹಂಗಂದ್ರೆ ಕೆಲ್ಸ ಕೊಡ್ತಾರಾ?”

“ಇಲ್ಲ.”

ಅವಳು ಚೀಟಿಯನ್ನು ಮಡಿಸಿದಳು, ಬಿಚ್ಚಿದಳು, ಒಳಗೆ ಹೋದಳು. ನಾನು ಗೇಟಿನ ಸಂದಿಯಿಂದ ನುಸುಳಿ ಕಿಟಕಿಯ ಹತ್ತಿರ ನಿಂತೆ.

“ನಿದ್ದೆನಾ?” ಅವಳ ದನಿ ಗಟ್ಟಿಯಾಗಿತ್ತು. “ನಂಗೆ ನಿದ್ದೆನೇ ಬರಲ್ಲ ಅಮ್ಮಾವ್ರೆ.” ಹೇಳುತ್ತಲೇ ಉಕ್ಕಿ ಬಂದ ಆಕಳಿಕೆಯನ್ನು ತುಟಿ ಬಿಗಿದು ನುಂಗಿದಳು. ಕಣ್ಣಲ್ಲಿ ನೀರಾಡಿತು.

ನಾನು ಕಿಟಕಿ ಬಡಿಯಲು ಕೈ ಎತ್ತಿದೆ. ಅವಳು ನನ್ನನ್ನು ಕಂಡಳು. ಅಮ್ಮಾವ್ರಿಗೆ ಕಾಣದಂತೆ ಸೊಂಟದ ಹತ್ತಿರ ಎರಡೂ ಕೈ ಜೋಡಿಸಿದಳು.

ಎತ್ತಿದ ಕೈಯನ್ನು ಇಳಿಸಿದೆ.