ಕಣದ ಸುತ್ತು

ನಾನು ಒಂದು ಪ್ರೋಬ್. ಬಳಪದಷ್ಟು ಮೈ, ಪಿಂಗಾಣಿ ಕೊಳವೆ, ತುದಿಯಲ್ಲಿ ಟಂಗ್‌ಸ್ಟನ್ ತಂತಿ. ಧಾರವಾಡದ ಒಂದು ಪ್ರಯೋಗಾಲಯದ ವರ್ಕ್‌ಶಾಪಿನಲ್ಲಿ ಫಕೀರಪ್ಪ ನನ್ನನ್ನು ಬೆಸೆದ. ಬೆಸುಗೆ ಆರುವ ಮೊದಲೇ ಇನ್ನೊಂದು ಕೆಲಸಕ್ಕೆ ತಿರುಗಿದ. ಇಷ್ಟು ಧೈರ್ಯದ ಮನುಷ್ಯನನ್ನು ನಂಬಬಹುದೇ ಎಂದು ನನಗೆ ಅಂದೇ ಅನುಮಾನ.

ಅಲ್ಲಿಂದ ಪಿಎಚ್‌ಡಿ ಮಾಡುತ್ತಿದ್ದ ಸುಗಂಧಾ ಮೇಡಂ ಕೈಗೆ ಬಂದೆ. ಅವರ ಉಕ್ಕಿನ ಪಾತ್ರೆಯಲ್ಲಿ ಪ್ಲಾಸ್ಮಾ, ಅಂದರೆ ಕಾದು ವಿದ್ಯುತ್ ಹೊತ್ತ ಅನಿಲ. ಅದಕ್ಕೆ ಅಯಸ್ಕಾಂತದ ಕಾವಲು. ಆದರೂ ಒಳಗಿನ ಅಲೆಗಳು ಕಣಗಳನ್ನು ಅಡ್ಡಾದಿಡ್ಡಿ ನೂಕುತ್ತವೆ, ಕೆಲವು ತಪ್ಪಿಸಿಕೊಂಡು ಗೋಡೆಯ ಕಡೆ ಬರುತ್ತವೆ. ಬಂದವನ್ನು ಎಣಿಸುವುದು ನನ್ನ ಕೆಲಸ. ಮೇಡಂ ಲೆಕ್ಕದ ಪ್ರಕಾರ ನೂರು ಬರಬೇಕಾದಲ್ಲಿ ನನಗೆ ಸಿಗುತ್ತಿದ್ದುದು ಅರವತ್ತೇ.

“ಫಕೀರಪ್ಪಣ್ಣಾ, ನಿಮ್ಮ ಬೆಸುಗ್ಯಾಗ ಕರೆಂಟ್ ಸೋರಾಕತ್ತೈತಿ ಅನಸ್ತೈತಿ. ಇನ್ಮ್ಯಾಲೆ ಪ್ರೋಬ್ ಹೊರಗಿಂದನ ತರಸೂಣು,” ಎಂದರು ಮೇಡಂ.

ಇಪ್ಪತ್ತೆರಡು ವರ್ಷ ಬೆಸುಗೆ ಹಾಕಿದವನ ಮುಖ ಕಪ್ಪಿಟ್ಟಿತು. ನನಗೆ ಸಂಕಟವಾಯಿತು. ಆದರೂ, ಹೆತ್ತವರಿಗೆ ಹೆಗ್ಗಣ ಮುದ್ದು, ನನ್ನ ತಪ್ಪನ್ನು ಇವನೇ ಮುಚ್ಚಿಡುತ್ತಿರಬಹುದೇ ಎಂದೂ ಅನ್ನಿಸಿತು. ಅವನು ಕಟ್ಟರ್ ತಂದು, ಮೇಡಂ ಎದುರೇ ನನ್ನನ್ನು ಉದ್ದಕ್ಕೆ ಸೀಳಿದ.

“ನೋಡ್ರಿ, ಎಲ್ಲಿ ಸೋರೇತಿ?”

ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮೇಡಂ ತಲೆ ಕೆರೆದುಕೊಂಡರು. “ಮತ್ತ ಕಣ ಎಲ್ಲಿ ಹೋದೂವು?”

“ದಿನಾ ಕಣ ಕಣ ಅಂತೀರಿ. ಕಣದಾಗ ಎತ್ತು ಸುತ್ತು ಹಾಕತಾವಲ್ರೀ? ಅದನ್ನ ಲೆಕ್ಕಕ್ಕ ಹಿಡಿದೀರೋ, ಬರೇ ನಡುವಿನ ಮೇಟಿಕಂಬ ನೋಡೀರೋ?”

ಪಾಪ, ಇಷ್ಟು ದಿನವೂ ಅವನು ಅದನ್ನು ರಾಶಿ ಮಾಡುವ ಕಣವೆಂದೇ ತಿಳಿದಿದ್ದ. ಮೇಡಂ ನಕ್ಕರು. ನಕ್ಕವರು ತಟ್ಟನೆ ಏನೋ ಹೊಳೆದು ತಮ್ಮ ಲೆಕ್ಕದ ಹಾಳೆ ಎಳೆದುಕೊಂಡರು. ಅಯಸ್ಕಾಂತದ ನಡುವೆ ಪ್ರತಿ ಕಣವೂ ಗರಗರ ಸುತ್ತುತ್ತದೆ. ಲೆಕ್ಕ ಸುಲಭವಾಗಲೆಂದು ಅವರು ಸುತ್ತನ್ನು ಬಿಟ್ಟು, ಅದರ ನಡುವಿನ ಚುಕ್ಕಿಯನ್ನಷ್ಟೇ ಹಿಂಬಾಲಿಸಿದ್ದರು. ಸುತ್ತು ದೊಡ್ಡದಾದರೆ ಅದರ ಒಂದು ಮಗ್ಗುಲಲ್ಲಿ ಅಲೆ ಆಚೆ ನೂಕುತ್ತದೆ, ಇನ್ನೊಂದು ಮಗ್ಗುಲಲ್ಲಿ ಈಚೆ. ನೂಕು ನೂಕಿಗೆ ವಜಾ ಆಗಿ ಕಣದ ಅಲೆದಾಟವೇ ತಗ್ಗುತ್ತದೆ. ಸುತ್ತನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಅರವತ್ತೊಂದು ಬಂತು.

“ತಪ್ಪು ನಂದ್ರೀ ಅಣ್ಣಾ,” ಎಂದು ಮೇಡಂ ಕೈಮುಗಿದರು. “ಇರ್ಲಿ ಬಿಡ್ರಿ,” ಎಂದ ಫಕೀರಪ್ಪ.

ಈಗ ನಾನು ಎರಡು ಸೀಳಾಗಿ ವರ್ಕ್‌ಶಾಪಿನ ಕಿಟಕಿಯಲ್ಲಿ ಬಿದ್ದಿದ್ದೇನೆ. ಪ್ರೋಬ್‌ಗಳನ್ನು ಇಂದಿಗೂ ಅವನೇ ಮಾಡುತ್ತಾನೆ. ಆದರೆ ಒಂದೊಂದು ಬೆಸುಗೆಯನ್ನೂ ಬೆಳಕಿಗೆ ಹಿಡಿಯುತ್ತಾನೆ, ಕೆಳಗಿಡುತ್ತಾನೆ, ಮತ್ತೆ ಎತ್ತಿ ಹಿಡಿಯುತ್ತಾನೆ. ಮೇಡಂ ಸಂಶಯ ಒಂದೇ ದಿನದಲ್ಲಿ ತೀರಿತು. ಅವನ ಕೈಗೆ ಹತ್ತಿದ್ದು ಇನ್ನೂ ಬಿಟ್ಟಿಲ್ಲ.