ಮಡಿಲಲ್ಲಿ ಒಂದು ಲೀಟರ್

ಹಾಸನದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಷಡಕ್ಷರಿ ಡೀಸೆಲ್ ತುಂಬಿದ ಒಂದು ಲೀಟರಿನ ನೀರಿನ ಬಾಟಲಿಯನ್ನು ನನ್ನ ಮಡಿಲಲ್ಲಿಟ್ಟ. ಟ್ಯಾಂಕಿನಿಂದ ಬಿಚ್ಚಿದ ಎರಡು ಪೈಪುಗಳು ಸೀಟಿನ ಸಂದಿಯಿಂದ ಬಂದು ಅದರ ಬಾಯೊಳಗೆ ಇಳಿದಿದ್ದವು. ಒಂದು ಇಂಜಿನ್ನಿಗೆ ಹೋಗುವುದು, ಇನ್ನೊಂದು ಅಲ್ಲಿಂದ ವಾಪಸ್ ಬರುವುದು.

“ಮಗು ಎತ್ಕೊಂಡಂಗೆ ಹಿಡ್ಕೊಳ್ಳಿ ಅಮ್ಮ. ಅಲ್ಲಾಡ್ಸಿದ್ರೆ ಸೀರೆ ಒದ್ದೆ ಮಾಡ್ತದೆ,” ಅಂದ. ನಾನು ನಕ್ಕೆ. ಸ್ಟಿಯರಿಂಗ್ ಹಿಡಿದು ಕೂತಿದ್ದ ಶಾಂತರಾಜು ನಗಲಿಲ್ಲ.

ಶಾಂತರಾಜು ಒಂಬತ್ತು ವರ್ಷದಿಂದ ನನ್ನ ಹಳೇ ಟೆಂಪೊ ಓಡಿಸುತ್ತಿದ್ದಾನೆ. ಹೊಳೆನರಸೀಪುರದಲ್ಲಿ ನನ್ನದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಅರಕಲಗೂಡಿನ ಮದುವೆಯಿರಲಿ, ರುದ್ರಪಟ್ಟಣದ ಸಂಗೀತೋತ್ಸವವಿರಲಿ, ಕೊಳಗ ಕಡಾಯಿಗಳನ್ನು ಅಡುಗೆಯವರಿಗಿಂತ ಮುಂಚೆ ಮುಟ್ಟಿಸುವವನು ಅವನೇ. ಅಷ್ಟು ವರ್ಷದಲ್ಲಿ ಒಮ್ಮೆಯೂ ಅವನು ನಮ್ಮ ಮನೆಯ ನಡುಮನೆಯಲ್ಲಿ ಕೂತವನಲ್ಲ. ನಾನೂ ಕರೆದವಳಲ್ಲ.

ಆರು ತಿಂಗಳ ಹಿಂದೆ ಲೀಟರಿಗೆ ಹನ್ನೊಂದು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಏಳಕ್ಕೆ ಇಳಿಯಿತು. “ಅಕ್ಕಾ, ಹಿಂದಿನ ಗಾಲಿ ಕಾಯ್ತಾ ಐತೆ, ಒಂದ್ಸಲ ತೋರ್ಸನ,” ಅಂದಿದ್ದ. ನೆಪ ಅಂದುಕೊಂಡೆ. ಡೀಸೆಲ್ ಕದೀತೀಯಾ ಎಂದು ಬಾಯಿಬಿಟ್ಟು ಕೇಳಲಿಲ್ಲ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿಸಿ ಕೀಲಿ ನನ್ನ ಪರ್ಸಿನಲ್ಲಿಟ್ಟುಕೊಂಡೆ. ಬಂಕಿನ ಹುಡುಗರೆಲ್ಲ ಅವನನ್ನು ರೇಗಿಸಿದರಂತೆ. ಬೀಗ ಬಿದ್ದ ಮೇಲೂ ಏಳೇ ಬಂದಾಗ, ಪೈಪಿನಿಂದ ಇಳಿಸಿಕೊಳ್ಳುತ್ತಾನೇನೋ ಅಂತ ನನ್ನ ಅನುಮಾನ ಬೇರೆ ದಾರಿ ಹುಡುಕಿತೇ ಹೊರತು ಸಾಯಲಿಲ್ಲ. ನಮ್ಮ ಪೈಕಿಯವನಾಗಿದ್ದರೆ ನಾನು ಮೊದಲು ಗಾಡಿಯನ್ನು ಅನುಮಾನಿಸುತ್ತಿದ್ದೆ. ಈಗ ಅದನ್ನು ಒಪ್ಪಿಕೊಳ್ಳುವುದು ಸುಲಭ.

ಹೋದ ತಿಂಗಳು ಚನ್ನರಾಯಪಟ್ಟಣದಿಂದ ಪರಿಚಯದ ಕಾಮಾಕ್ಷಮ್ಮ ಫೋನ್ ಮಾಡಿದ್ದರು. ಅವರ ಮನೆಯವರು ಶಾಲೆಗಳಿಗೆ ಬಸ್ ಬಿಡುತ್ತಾರೆ. ಶಾಂತರಾಜು ಅಲ್ಲಿ ಕೆಲಸ ಕೇಳಿದ್ದನಂತೆ.

“ಮನುಷ್ಯ ಹೆಂಗೆ?” ಅಂದರು.

“ಒಳ್ಳೆಯವನೇ. ಡೀಸೆಲ್ ವಿಷಯದಲ್ಲಿ ಮಾತ್ರ ಸ್ವಲ್ಪ ಕಣ್ಣಿಟ್ಟಿರಿ,” ಅಂದೆ.

ಅನುಮಾನ ಇದ್ದದ್ದು ನಿಜ. ಆದರೆ ಅದನ್ನು ಆಡಿದ್ದು ಅನುಮಾನಕ್ಕಲ್ಲ. ಅವನು ಹೋಗಿಬಿಟ್ಟರೆ ನನ್ನ ಅಂಗಡಿ ನಡೆಯುವುದಿಲ್ಲ ಎಂದು ಆಡಿದೆ. ಫೋನ್ ಇಟ್ಟಾಗ ಎದೆ ಹಗುರಾಗಿತ್ತು. ಆ ಹಗುರವನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ.

ಎರಡು ವಾರ ಕಳೆದ ಮೇಲೆ ಅವನೇ ಅಂಗಡಿ ಬಾಗಿಲಿಗೆ ಬಂದು ನಿಂತ. “ಅಕ್ಕಾ, ಟ್ಯಾಂಕೇ ಬ್ಯಾಡ. ಬಾಟ್ಲಿ ಕಟ್ಟಿ ಓಡ್ಸನ. ಎಷ್ಟು ಕುಡೀತದೆ ಅಂತ ನೀವೇ ಕೂತ್ಕಂಡು ನೋಡಿ.”

ಹಾಗೆ ನಾವು ಮೂವರೂ ಕಟ್ಟಾಯದ ದಾರಿ ಹಿಡಿದಿದ್ದೆವು. ಶಾಂತರಾಜು ಗಾಡಿಯನ್ನು ಎಲ್ಲೂ ಒದರಿಸಲಿಲ್ಲ, ಎಲ್ಲೂ ಎಳೆಯಲಿಲ್ಲ. ನಾನು ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ. ಡೀಸೆಲ್ ನನ್ನ ಬೆರಳುಗಳ ನಡುವೆಯೇ ಇಳಿಯುತ್ತಿತ್ತು. ಯಾರೂ ಕದಿಯುತ್ತಿರಲಿಲ್ಲ. ಅರ್ಧಕ್ಕೆ ಬಂದಾಗಲೇ ನನಗೆ ಗೊತ್ತಾಗಿಹೋಗಿತ್ತು. ಆದರೂ ಹನ್ನೊಂದು ಕಿಲೋಮೀಟರಿಗೆ ಮುಂಚೆ ಬಾಟಲಿ ಬರಿದಾಗದಿರಲಿ ಎಂದು ಒಳಗೊಳಗೇ ಬೇಡುತ್ತಿದ್ದೆ. ಅವನು ಕಳ್ಳನಾಗಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ.

ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಷಡಕ್ಷರಿ ಮೀಟರ್ ನೋಡಿದ. “ಏಳು ಕಿಲೋಮೀಟ್ರು. ಮೇಲೆ ಸ್ವಲ್ಪ.”

ಅವನು ಕೆಳಗಿಳಿದು ಗಾಲಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋದ. ಹಿಂದಿನ ಎಡಬದಿಯ ಗಾಲಿ ಮುಟ್ಟಿದವನೇ ಕೈ ಕೊಡವಿಕೊಂಡ. ಕುಡಿಯುವ ನೀರನ್ನು ಅದರ ಮೇಲೆ ಚೆಲ್ಲಿದಾಗ ಸುಯ್ಯೆಂದು ಆವಿ ಎದ್ದಿತು.

“ಬ್ರೇಕ್ ಹಿಡ್ಕೊಂಡೈತೆ ಅಮ್ಮ. ಕಾಲು ತೆಗೆದ್ರೂ ಬಿಡ್ತಿಲ್ಲ. ಬ್ರೇಕ್ ತುಳ್ಕೊಂಡೇ ಊರೂರು ಸುತ್ತಿದಂಗೆ. ಡೀಸೆಲ್ ಕುಡೀದೆ ಇನ್ನೇನ್ ಮಾಡ್ತದೆ? ಡ್ರೈವರ್ ಒಂದ್ಸಲನಾದ್ರೂ ಹೇಳ್ಬಾರ್ದಾ?”

“ಹೇಳಿದ್ದ,” ಅಂದೆ.

ಷಡಕ್ಷರಿ ನನ್ನ ಮುಖ ನೋಡಿ, ಪೈಪುಗಳನ್ನು ತಿರುಗಿ ಟ್ಯಾಂಕಿಗೆ ಜೋಡಿಸಲು ಗಾಡಿಯಡಿಗೆ ನುಸುಳಿದ. ರಸ್ತೆ ಬದಿಯಲ್ಲಿ ನಾವಿಬ್ಬರೇ ಉಳಿದೆವು. ಬರಿದಾದ ಬಾಟಲಿ ನನ್ನ ಕೈಯಲ್ಲೇ ಇತ್ತು, ಎಲ್ಲಿಡಬೇಕೋ ತಿಳಿಯಲಿಲ್ಲ.

“ಶಾಂತರಾಜು, ನಾನು ಕಾಮಾಕ್ಷಮ್ಮನ ಹತ್ರ ಒಂದು ಮಾತು…”

“ಗೊತ್ತು ಕಣಕ್ಕ. ಅವ್ರ ಕ್ಲೀನರ್ ನಮ್ಮೂರೋನೇ.” ಅವನು ಗಾಲಿಯನ್ನೇ ನೋಡುತ್ತಿದ್ದ. “ಅದಕ್ಕೇ ಬಾಟ್ಲಿ ಅಂದಿದ್ದು.”

“ತಪ್ಪಾಯ್ತು.”

“ನನ್ನತ್ರ ಹೇಳಿ ಏನ್ಬಂತು? ನಾನು ಕದ್ದಿಲ್ಲ ಅಂತ ನಂಗೊತ್ತಿತ್ತಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲೇ ನಿಂತು ಕಾಮಾಕ್ಷಮ್ಮನಿಗೆ ಫೋನ್ ಮಾಡಿ, ಅವನಿಗೂ ಕೇಳುವಂತೆ ಸ್ಪೀಕರ್ ಒತ್ತಿದೆ. ಆದರೂ ನನ್ನ ನಾಲಿಗೆ ಮೊದಲು ಬಳಸು ದಾರಿಯನ್ನೇ ಹಿಡಿಯಿತು.

“ಅದೇ ರೀ, ನಮ್ಮ ಗಾಡಿದು ಬ್ರೇಕ್ ಜಾಮ್ ಆಗಿತ್ತಂತೆ. ಏನೋ ಗೊಂದಲ…”

ಶಾಂತರಾಜು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ.

“ಗೊಂದಲ ಅಲ್ಲ ಕಾಮಾಕ್ಷಮ್ಮ,” ಅಂದೆ. “ಅವನು ಒಂದು ತೊಟ್ಟೂ ಕದ್ದಿಲ್ಲ. ನಾನು ನಿಮಗೆ ಸುಳ್ಳು ಹೇಳಿದೆ. ಅವನು ನಿಮ್ಮಲ್ಲಿಗೆ ಬಂದುಬಿಟ್ಟರೆ ನನಗೆ ತೊಂದರೆ ಅಂತ ಹೇಳಿದೆ.”

ಕಾಮಾಕ್ಷಮ್ಮ ಲೊಚಗುಟ್ಟಿದರು. “ಅಯ್ಯೋ, ನೀವಂದ್ರಿ ಅಂತ್ಲೇ ಬ್ಯಾಡ ಅಂದ್ವಲ್ರೀ. ಆ ಬಸ್ಸಿಗೆ ಬೇರೆಯೋರು ಬಂದಾಯ್ತು.”

ಶಾಂತರಾಜು ಹತ್ತಿರ ಬಂದ. ಮೆಲ್ಲಗೆ, ನನಗಷ್ಟೇ ಕೇಳುವಂತೆ, “ಮುಂದೆ ಜಾಗ ಆದ್ರೆ ಕರೀರಿ ಅಂತ ಹೇಳಿ,” ಅಂದ.

ನಮ್ಮಲ್ಲೇ ಇರು ಅನ್ನುವ ಮಾತು ಬಾಯಿಗೆ ಬಂದಿತ್ತು. ಅದನ್ನು ನುಂಗಿ, ಅವನು ಹೇಳಿದ್ದನ್ನೇ ಹೇಳಿದೆ.

“ಅಷ್ಟು ನಂಬಿಕಸ್ಥನ್ನ ನೀವ್ಯಾಕ್ರೀ ಬಿಡ್ತೀರಾ?” ಕಾಮಾಕ್ಷಮ್ಮ ನಕ್ಕರು.

“ಅವನಿಗೆ ಇರೋ ಮನಸ್ಸಿಲ್ಲ,” ಅಂದೆ. “ಅವನ ಜಾಗದಲ್ಲಿ ನಾನಾಗಿದ್ರೂ ಇರ್ತಿರಲಿಲ್ಲ.”