ಹಿತ್ತಾಳೆ ಗುಂಡಿನ ಡಬ್ಬಿ

ನನ್ನ ತಮ್ಮ ಬಾಳಾಸಾಹೇಬನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಡುವ ವಯಸ್ಸು ದಾಟಿದ್ದೇನೆ, ಹೇಳಿಬಿಡುತ್ತೇನೆ. ಅವನು ಪುಣೆಯಿಂದ ಓದು ಮುಗಿಸಿ ಬಂದ ದಿನದಿಂದ ಸಾಂಗಲಿಯ ಅರಿಶಿನ ಪೇಟೆಯಲ್ಲಿ ಎಲ್ಲರಿಗೂ ಬಾಳಾನೇ ಬೇಕು. ಹತ್ತು ವರ್ಷ ಅಂಗಡಿಯಲ್ಲಿ ಧೂಳು ಕುಡಿದ ಗುರುಸಿದ್ಧಪ್ಪ, ಅಂದರೆ ನಾನು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

೧೯೭೪ರ ಮಾತು. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ಅಂದರು: "ನನ್ನ ಕೈ ನಡಗಾಕತ್ತಾವ. ಈ ಸಲ ಪಿನ್ನಿನ ಪಂದ್ಯದಾಗ ನಿಮ್ಮಿಬ್ಬರೊಳಗ ಯಾರು ಗೆಲ್ಲತೀರಿ, ನನ್ನ ರಿವಾಲ್ವರ್ ಅವನ ಹೆಸರಿಗೆ ಮಾಡತೇನಿ."

ಈ ಪಂದ್ಯವನ್ನು ನಮ್ಮ ಸಹಕಾರಿ ಸಕ್ಕರೆ ಕಾರ್ಖಾನೆಯ ಇಂಜಿನಿಯರರೊಬ್ಬರು ಹೊರದೇಶದಲ್ಲಿ ನೋಡಿ ಬಂದು ಶುರುಮಾಡಿದ್ದರು. ಕಬ್ಬಿನ ಹಂಗಾಮು ಮುಗಿದ ಮೇಲೆ ಸಮಡೋಳಿ ಹಾದಿಯ ಮಣ್ಣಿನ ದಿಬ್ಬದ ಹತ್ತಿರ ನಡೆಯುತ್ತಿತ್ತು. ಮಿರಜದಲ್ಲಿ ಸಿತಾರಕ್ಕೆ ಬಿರಡೆ ಮಾಡುವ ಧೋಂಡಿಬಾ ಸೀಸೆಯಾಕಾರದ ಮರದ ಪಿನ್ನುಗಳನ್ನು ಮಾಡಿಕೊಡುತ್ತಿದ್ದ. ಮೇಜಿನ ಮೇಲೆ ಐದು ಪಿನ್ನು, ರಿವಾಲ್ವರಿನಲ್ಲಿ ಐದು ಗುಂಡು. ಪಿನ್ನು ನೆಲಕ್ಕೆ ಬಿದ್ದರೆ ಮಾತ್ರ ಲೆಕ್ಕ; ಮೇಜಿನ ಮೇಲೇ ಉರುಳಿ ಮಲಗಿದರೆ ಇಲ್ಲ.

ಅಲ್ಲೇ ಇರುವುದು ಗುಟ್ಟು. ಸೀಸದ ಮೊಂಡು ಗುಂಡು ಮರವನ್ನು ಹಿಂದಕ್ಕೆ ನೂಕುತ್ತದೆ. ಹಿತ್ತಾಳೆ ಹೊದಿಕೆಯ ಚೂಪು ಗುಂಡು ತೂತು ಕೊರೆದು ಆಚೆ ಹೋಗಿಬಿಡುತ್ತದೆ. ಅಪ್ಪ ಇದನ್ನು ಹೇಳಿಕೊಟ್ಟದ್ದು ನನಗೊಬ್ಬನಿಗೇ. ಬಾಳಾ ಪುಣೆಯಲ್ಲಿ ಕಾಗದದ ಗುರಿಗೆ ಹೊಡೆದವನು, ಅವನಿಗೇನು ಗೊತ್ತು?

ಅಪ್ಪನ ಲೈಸೆನ್ಸಿನಲ್ಲಿ ನಮ್ಮಿಬ್ಬರ ಹೆಸರೂ ಸೇರಿತ್ತು. ಗುಂಡು ತರಲು ಮಿರಜದ ಅಂಗಡಿಗೆ ಜೊತೆಯಾಗಿಯೇ ಹೋದೆವು.

"ಅಣ್ಣಾ, ಯಾವುದು ತಗೋಬೇಕ್ರಿ? ನನಗ ತಿಳೀವಲ್ದು," ಅಂದ ಬಾಳಾ.

ಅವನಿಗೆ ತಿಳಿಯದ್ದೂ ಒಂದಿದೆಯಲ್ಲ ಎಂದು ನನಗೆ ಖುಷಿಯಾಯಿತು. "ಹಿತ್ತಾಳಿದು ತಗೋ. ಸೀಸದ್ದು ಹೊಸದಾಗಿ ಕಲಿಯೋರಿಗೆ," ಅಂದೆ.

ಅಂಗಡಿಯವನು ಕಪಾಟು ನೋಡಿ, "ಏಕಚ್ ಡಬಾ ಆಹೆ," ಎಂದ. ಹಿತ್ತಾಳೆಯದು ಒಂದೇ ಡಬ್ಬಿ ಉಳಿದಿತ್ತು. ತಮ್ಮನಿಗೆ ಕೊಡ್ರಿ ಎಂದು ದೊಡ್ಡಸ್ತಿಕೆಯಿಂದ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಾಳಾ ಡಬ್ಬಿ ಎತ್ತಿ ನನ್ನ ಕೈಗಿಟ್ಟ.

"ಇದು ನಿಮಗ. ನನಗ ಸೀಸದ್ದ ಸಾಕು, ನಾ ಇನ್ನೂ ಕಲಿಯಾಂವ."

"ಬ್ಯಾಡೋ, ನೀನ ಇಟಗೋ."

"ಏನ್ರಿ ಅಣ್ಣಾ! ನೀವ ಇರಬೇಕಾದ್ರ ಛಲೋದು ನಾ ತಗೊಳ್ಳಲೇನು?"

ನನಗೂ ಸೀಸದ್ದೇ ಕೊಡಿ ಅನ್ನಬಹುದಿತ್ತು. ಯಾಕ್ರಿ ಎಂದು ಅವನು ಕೇಳಿದರೆ ಏನು ಹೇಳಲಿ? ಡಬ್ಬಿ ಜೇಬಿಗಿಟ್ಟುಕೊಂಡು ತೆಪ್ಪಗೆ ಬಂದೆ.

ಪಂದ್ಯದ ದಿನ ಮೊದಲು ಹೊಡೆದವನು ನಾನು. ಐದೂ ಗುಂಡು ಒಂದೊಂದು ಪಿನ್ನಿನ ನಟ್ಟನಡುವಿಗೇ ತಾಗಿದವು. ನೆಲಕ್ಕೆ ಬಿದ್ದ ಪಿನ್ನು ಎರಡೇ. ಮೂರು ಮೇಜಿನ ಮೇಲೆ ಹಾಯಾಗಿ ಮಲಗಿದವು. ಆಮೇಲೆ ಅದೇ ರಿವಾಲ್ವರ್ ಹಿಡಿದು ಬಾಳಾ ನಿಂತ. ಒಂದು ಗುಂಡು ಕುತ್ತಿಗೆಗೆ, ಇನ್ನೊಂದು ಪಕ್ಕಕ್ಕೆ, ಹೇಗೆ ಹೇಗೋ ತಾಗಿದವು. ಐದೂ ಧಪ್ ಧಪ್ ಎಂದು ನೆಲಕ್ಕೆ ಬಿದ್ದವು. ಜನ ಚಪ್ಪಾಳೆ ತಟ್ಟಿದರು.

ಬಾಳಾ ನನ್ನ ಪಿನ್ನೊಂದನ್ನು ಎತ್ತಿಕೊಂಡು ಅಪ್ಪನ ಹತ್ತಿರ ಹೋದ. "ಅಣ್ಣಾನ ಗುರಿ ನೋಡ್ರಿ ಅಪ್ಪಾ. ನಂದು ಬರೇ ನಸೀಬು. ರಿವಾಲ್ವರ್ ಅವರಿಗೇ ಕೊಡ್ರಿ."

ಅಪ್ಪ ತೂತಿನ ಅಂಚಿಗೆ ಬೆರಳಾಡಿಸಿದರು. "ಹಿತ್ತಾಳಿ ಗುಂಡು. ಯಾರು ಆರಿಸಿದ್ರು ಇದನ್ನ?"

"ಅಣ್ಣಾನ್ರಿ. ನನಗೂ ಅದನ್ನ ತಗೋ ಅಂದಿದ್ರು. ಒಂದ ಡಬ್ಬಿ ಇತ್ತು, ಅವರಿಗೆ ಕೊಟ್ಟೆ."

ಅಪ್ಪ ನನ್ನ ಕಡೆ ತಿರುಗಿದರು. "ಗುರೂ, ಪಿನ್ನಿಗೆ ಸೀಸದ್ದ ಬೇಕಂತ ನಿನಗ ಹೇಳಿದ್ದಿಲ್ಲೇನು ನಾ?"

"ಮರತಿದ್ದೆರಿ ಅಪ್ಪಾ."

ಅಪ್ಪ ನಂಬಲಿಲ್ಲ. ರಿವಾಲ್ವರನ್ನು ಬಾಳಾನ ಕೈಗಿಟ್ಟು ಜೀಪಿನ ಕಡೆ ನಡೆದರು.

ಬಾಳಾ ನಂಬಿದ. ನನ್ನ ಹೆಗಲ ಮೇಲೆ ಕೈ ಹಾಕಿ, "ಹೋಗ್ಲಿ ಬಿಡ್ರಿ ಅಣ್ಣಾ, ನಾನೂ ಹಿಂಗ ಮರೀತೇನಿ," ಅಂದ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಯಿತು. ನನ್ನಂಥವನನ್ನೂ ನಂಬುವ ಮನಸ್ಸು, ಅದೂ ಅವನಿಗೇ ಸಿಗಬೇಕೇ?